ಊರಿಗೆ ಹೋದವಳ ತಟ್ಟೆ

“ಭೈರೇಶ್ ಅಂಕಲ್ ಅವರ ತಾಯಿಯವರ ಆತ್ಮಕ್ಕೆ ಶಾಂತಿ ಸಿಗಲಿ.”

ಎರಡು ಸಾಲಿನಲ್ಲಿ ಕೂತಿದ್ದ ಹೆಣ್ಣುಮಕ್ಕಳು ಒಂದೇ ದನಿಯಲ್ಲಿ ಹೇಳಿ ಮುಗಿಸಿದರು. ಮುಗಿದ ಕೈಗಳೆಲ್ಲ ಒಟ್ಟಿಗೇ ಕೆಳಗಿಳಿದವು. ಪಾಯಸದ ಸೌಟು ಹಿಡಿದು ನಿಂತಿದ್ದ ಆ ಭೈರೇಶ್ ಅಂಕಲ್ ನಾನೇ.

ನನ್ನ ತಾಯಿ ಇಂದ್ರಮ್ಮ ಬಾಪೂಜಿ ನಗರದ ಮನೆಯಲ್ಲಿ ಗಟ್ಟಿಮುಟ್ಟಾಗಿದ್ದಾಳೆ. ಈ ಹೊತ್ತಿಗೆ ರಂಗೋಲಿಯ ಮೇಲೆ ಬೈಕ್ ನಿಲ್ಲಿಸಿದ ಪಕ್ಕದ ಮನೆಯವನ ವಂಶವನ್ನೆಲ್ಲ ಜಾಲಾಡುತ್ತಿರಬೇಕು. ತಾನು ಬದುಕಿರುವಾಗಲೇ ಮಗ ತನ್ನ ತಿಥಿ ಊಟ ಹಾಕಿಸುತ್ತಿದ್ದಾನೆ ಅಂತ ಗೊತ್ತಾದರೆ, ನನ್ನ ತಿಥಿಗೆ ಅವಳೇ ಏರ್ಪಾಡು ಮಾಡಿಯಾಳು.

ಆದರೆ ಬೇರೆ ದಾರಿ ಇರಲಿಲ್ಲ. ಬಸವೇಶ್ವರನಗರದ ಈ ಏಕಾಂತಯ್ಯ ಬಾಲಿಕಾಶ್ರಯದ ಗೇಟು ಗಂಡಸರಿಗೆ ತೆರೆಯುವುದಿಲ್ಲ. ತೆರೆಯಲೂಬಾರದು, ಒಪ್ಪುತ್ತೇನೆ. ಒಂದು ಊಟ ಹಾಕಿಸುತ್ತೇನೆ ಅಂದರೆ ಮಾತ್ರ ಅದೇ ಗೇಟು ತಾನಾಗಿ ತೆರೆದುಕೊಳ್ಳುತ್ತದೆ. ಮಗುವಿನ ಹುಟ್ಟುಹಬ್ಬಕ್ಕೆ, ಅಪ್ಪನ ತಿಥಿಗೆ ಇಂಥ ಕಡೆ ಊಟ ಹಾಕಿಸುವುದು, ಕೈಯಾರೆ ಬಡಿಸುವುದು, ಮಕ್ಕಳಿಂದ ಹರಸಿಕೊಳ್ಳುವುದು ನಮ್ಮ ಬೆಂಗಳೂರಿನ ರೂಢಿ. ಊಟ ಹಾಕಿಸುವವನ ಪೂರ್ವಾಪರವನ್ನು ಯಾರೂ ವಿಚಾರಿಸುವುದಿಲ್ಲ. ಪೂರ್ವಾಪರ ವಿಚಾರಿಸುವುದೇ ನನ್ನ ಕಸುಬಾದ್ದರಿಂದ ಇದು ನನಗೆ ಚೆನ್ನಾಗಿ ಗೊತ್ತು.

ವಿಜಯನಗರದಲ್ಲಿ ಮಿಕ್ಸಿ ರಿಪೇರಿ ಅಂಗಡಿಯ ಮೇಲೆ ನನ್ನ ಆಫೀಸು. ಗಂಡು ಕುಡಿಯುತ್ತಾನೆಯೇ, ಬೇರೆಲ್ಲಾದರೂ ಸಂಸಾರ ಇಟ್ಟಿದ್ದಾನೆಯೇ ಅಂತ ಹೆಣ್ಣಿನ ಮನೆಯವರಿಗೆ ಗುಟ್ಟಾಗಿ ಪತ್ತೆ ಮಾಡಿಕೊಡುವ ಪತ್ತೇದಾರ ನಾನು. ಹೋದ ವಾರ ಅನು ಅಲ್ಲಿಗೆ ಬಂದಿದ್ದಳು. ಇದೇ ಆಶ್ರಯದಲ್ಲಿ ಬೆಳೆದು, ಹದಿನೆಂಟು ತುಂಬಿದ ದಿನ ಒಂದು ಬ್ಯಾಗು ಹಿಡಿದು ಹೊರಬಿದ್ದವಳು. ಈಗ ಲಗ್ಗೆರೆಯ ಗಾರ್ಮೆಂಟ್ಸ್ ಒಂದರಲ್ಲಿ ಹೊಲಿಯುತ್ತಾಳೆ.

“ಧನ್ಯಶ್ರೀ ಕಾಣ್ತಿಲ್ಲ ಅಣ್ಣ,” ಅಂದಿದ್ದಳು. “ನನ್ ತಂಗಿ ಇದ್ದಂಗೆ ಅವ್ಳು. ಬರೋ ಬುಧವಾರ ಹದಿನೆಂಟು ತುಂಬತ್ತೆ. ಅವತ್ತೇ ಮದ್ವೆ ಮಾಡ್ತೀವಿ ಅಂದಿದಾರಂತೆ. ನಂಗೆ ಬೇಡ, ನಾನು ನರ್ಸಿಂಗ್ ಓದ್ತೀನಿ, ಮಕ್ಕಳ ಕಲ್ಯಾಣ ಸಮಿತಿ ಮುಂದೆ ನಿಂತು ಕೇಳ್ತೀನಿ ಅಂದ್ಲು. ಅದೇ ಕೊನೇ ಫೋನು. ಈಗ ಕೇಳಿದ್ರೆ ಊರಿಗೆ ಹೋಗಿದಾಳೆ ಅಂತಾರೆ.”

“ಹೋಗಿರಬಹುದಲ್ಲಮ್ಮ?”

“ಯಾವ ಊರಿಗಣ್ಣ? ಕೆಂಗೇರಿ ಸ್ಟೇಷನ್ ಬೆಂಚ್ ಮೇಲೆ ಸಿಕ್ಕಿದ ಮಗು ಅವ್ಳು. ಸಿಕ್ಕಿದ ದಿನಾನೇ ಹುಟ್ಟಿದ ದಿನ ಅಂತ ಬರ್ಕೊಂಡಿದಾರೆ.”

ಹದಿನೆಂಟು ತುಂಬಿದ ಮೇಲೂ ಓದಿಗೆ, ಇರುವುದಕ್ಕೊಂದು ಜಾಗಕ್ಕೆ ಆಸರೆ ಕೇಳುವ ಹಕ್ಕು ಆ ಹುಡುಗಿಗಿದೆ. ಬುಧವಾರದೊಳಗೆ ಅವಳು ಸಮಿತಿಯ ಮುಂದೆ ನಿಂತರೆ ಅದನ್ನು ಬಾಯಿಬಿಟ್ಟು ಕೇಳಬಹುದು. ನಿಲ್ಲದಿದ್ದರೆ ಕೊರಳಿಗೆ ತಾಳಿ. ಇವತ್ತು ಭಾನುವಾರ.

ಮಕ್ಕಳು ಊಟಕ್ಕೆ ಕೂತ ಕಡೆ ಗಲಾಟೆ ಇರಬೇಕು. ಉಪ್ಪು ಕೇಳಬೇಕು, ಪಕ್ಕದವಳ ಹಪ್ಪಳ ಕಸಿಯಬೇಕು, ಯಾರಾದರೂ ಒಬ್ಬಳು ನೀರು ಚೆಲ್ಲಬೇಕು. ಇಲ್ಲಿ ಅಗಿಯುವ ಸದ್ದೂ ಇರಲಿಲ್ಲ. “ಇನ್ನೊಂಚೂರು ಹಾಕ್ಲಾ ಪುಟ್ಟ?” ಅಂತ ಕೇಳಿದರೆ ಮೊದಲು ಬಾಗಿಲ ಕಡೆ ನೋಡಿ, ಆಮೇಲೆ ತಲೆಯಾಡಿಸುತ್ತಿದ್ದವು.

ಬಾಗಿಲಲ್ಲಿ ಯಶೋದಮ್ಮ ನಿಂತಿದ್ದರು. ಆಶ್ರಯದ ಸೂಪರಿಂಟೆಂಡೆಂಟ್, ಅನು ಹೊರಬಿದ್ದ ಮೇಲೆ ಬಂದವರು. ಇಸ್ತ್ರಿ ಮಾಡಿದ ಕಾಟನ್ ಸೀರೆ, ಮುಡಿಯಲ್ಲಿ ಮಲ್ಲಿಗೆ. ದನಿಯಂತೂ ಬೆಣ್ಣೆ.

“ನಿಧಾನಕ್ಕೆ ತಿನ್ನಿ ಬಂಗಾರ,” ಅಂದರು.

ಬಂಗಾರ ಅಂದದ್ದೇ ತಡ, ಎರಡೂ ಸಾಲಿನ ಭುಜಗಳು ಸೆಟೆದುಕೊಂಡವು. ಬೈಗುಳಕ್ಕೆ ಹೆದರುವ ಮಕ್ಕಳನ್ನು ಬೇಕಾದಷ್ಟು ನೋಡಿದ್ದೇನೆ. ಮುದ್ದಿನ ಮಾತಿಗೆ ಹೆದರುವ ಮಕ್ಕಳನ್ನು ನೋಡಿದ್ದು ಇದೇ ಮೊದಲು.

ಪಾಯಸ ಮುಗಿಯಿತೆಂಬ ನೆಪದಲ್ಲಿ ಅಡುಗೆಮನೆಗೆ ನುಗ್ಗಿದೆ. ಅಡುಗೆಯ ಲಿಂಗಮ್ಮ ಬಾಗಿಲಿಗೆ ಬೆನ್ನು ಮಾಡಿ ನಿಂತು, ಒಂದು ಸ್ಟೀಲ್ ತಟ್ಟೆಗೆ ಅನ್ನ ಹಾಕಿ ಮೇಲೆ ಸಾರು ಸುರಿಯುತ್ತಿದ್ದಳು.

“ಯಾರಿಗಮ್ಮ ಅದು?”

“ಊರಿಗೆ,” ಅಂದಳು, ತಿರುಗದೆ. ಆಮೇಲೆ ತಿರುಗಿ ನನ್ನನ್ನು ನೋಡಿದಳು. ಕೈಯಲ್ಲಿದ್ದ ಸೌಟು ಪಾತ್ರೆಗೆ ಬಡಿಯಿತು. “ಅದೇ... ಊರ್ ದೇವ್ರಿಗೆ ಸಾ. ಎಡೆ.”

ಊಟಕ್ಕೆ ಮೊದಲು ದೇವರಿಗೊಂದು ಎಡೆ ತೆಗೆದಿಡುವುದು ನಮ್ಮಮ್ಮನೂ ಮಾಡುವ ಕೆಲಸ. ನಾನು ಆ ತಟ್ಟೆಗೆ ಭಕ್ತಿಯಿಂದ ಕೈಮುಗಿದೆ. ಪಾಯಸದ ಬಕೆಟ್ ತುಂಬಿಸಿಕೊಂಡು ಹೊರಬಂದೆ. ಇಷ್ಟು ಪೆದ್ದನ ಮಾತು ನಂಬಿ ಜನ ಹೆಣ್ಣು ಕೊಡುತ್ತಾರಲ್ಲ ಅಂತ ಈಗ ನಾಚಿಕೆಯಾಗುತ್ತದೆ.

ಎರಡನೆಯ ಸಾಲಿನ ನಡುವೆ ಇದ್ದಾಗ ತಲೆಗೆ ಹೊಳೆಯಿತು. ಬಕೆಟ್ ತುಂಬ ಪಾಯಸ ಇಟ್ಟುಕೊಂಡು, ದೇವರ ಎಡೆಗೆ ಒಂದು ಹನಿ ಸಿಹಿ ಹಾಕದೆ ಅನ್ನ ಸಾರು ಸುರಿಯುವ ಹೆಂಗಸು ಈ ಕರ್ನಾಟಕದಲ್ಲಿ ಹುಟ್ಟಿಲ್ಲ. ಸಿಹಿ ತಪ್ಪಿಸುವುದು ದೇವರಿಗಲ್ಲ. ಶಿಕ್ಷೆ ಅನುಭವಿಸುತ್ತಿರುವ ಮಕ್ಕಳಿಗೆ.

ಕೈಯಲ್ಲಿದ್ದ ಬಕೆಟ್ ಭಾರವಾಯಿತು. ಬಡಿಸುತ್ತಲೇ ಕಿವಿ ನೆಟ್ಟಗೆ ಮಾಡಿಕೊಂಡೆ. ಲಿಂಗಮ್ಮನ ಚಪ್ಪಲಿ ಮೆಟ್ಟಿಲು ಹತ್ತಿದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಇಳಿದು ಬಂದ ಸದ್ದೂ ಕೇಳಿಸಿತು.

ಊಟ ಮುಗಿಯಿತು. ಮಕ್ಕಳು ಸಾಲಾಗಿ ಎದ್ದು ಹೋದರು. ಕೈ ತೊಳೆಯುವ ನೆಪದಲ್ಲಿ ಹಿಂದಿನ ನಲ್ಲಿಯ ಹತ್ತಿರ ಹೋದೆ. ಅಲ್ಲಿ ತೊಟ್ಟಿಯ ಅಂಚಿನಲ್ಲಿ ಒಂದು ತಟ್ಟೆ ಬೇರೆಯಾಗಿ ಇತ್ತು. ಅನ್ನ ಅರ್ಧಕ್ಕರ್ಧ ಹಾಗೇ ಉಳಿದಿತ್ತು. ಊರ ದೇವರಿಗೆ ಅಷ್ಟೇನೂ ಹಸಿವಿರಲಿಲ್ಲ.

ತಟ್ಟೆ ವಾಲಿಸಿ ಅಂಚು ನೋಡಿದೆ. ಪಾತ್ರೆ ಅಂಗಡಿಯವರು ಮೆಷಿನ್ನಿನಲ್ಲಿ ಚುಕ್ಕಿ ಚುಕ್ಕಿಯಾಗಿ ಹೊಡೆಯುವ ಅಕ್ಷರಗಳು. ‘ದನ್ಯಶ್ರೀ.’

ತಟ್ಟೆಯನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ಓದಿದೆ.

ಈ ತಟ್ಟೆಯ ಕಥೆಯನ್ನು ಅನು ನಗುತ್ತ ಹೇಳಿದ್ದಳು. ಮೊದಲನೆಯ ಸಂಬಳದಲ್ಲಿ ರಾಜಾಜಿನಗರದ ಅಂಗಡಿಯೊಂದರಲ್ಲಿ ಧನ್ಯಳಿಗೆ ಅಂತ ತಟ್ಟೆ ಕೊಂಡು ಹೆಸರು ಹೊಡೆಸಿದಳಂತೆ. ಅಂಗಡಿಯವನು ‘ಧ’ದ ಹೊಟ್ಟೆ ಸೀಳುವುದನ್ನು ಮರೆತುಬಿಟ್ಟ. “ನನ್ನ ದನ ಮಾಡ್ಬಿಟ್ಯಲ್ಲೇ ಅಕ್ಕ ಅಂತ ವಾರಗಟ್ಲೆ ಬೈದ್ಲು ಅಣ್ಣ. ಆದ್ರೂ ಆ ತಟ್ಟೇನ ಯಾರ್ಗೂ ಮುಟ್ಟಕ್ಕೆ ಬಿಡ್ತಿರ್ಲಿಲ್ಲ.”

ಊರಿಗೆ ಹೋದ ಹುಡುಗಿಯ ತಟ್ಟೆಯಲ್ಲಿ ಸಾರು ಇನ್ನೂ ಬೆಚ್ಚಗಿತ್ತು.

“ಕೈ ತೊಳೆದಾಯ್ತಾ ಸಾರ್?”

ಹಿಂದೆಯೇ ಯಶೋದಮ್ಮ ನಿಂತಿದ್ದರು. ಯಾವಾಗ ಬಂದರೋ ಗೊತ್ತಾಗಲಿಲ್ಲ. ತಟ್ಟೆ ಕೆಳಗಿಟ್ಟು ನಗಲು ನೋಡಿದೆ.

ಅದೇ ಗಳಿಗೆಗೆ ತೊಟ್ಟಿಯ ಕಟ್ಟೆಯ ಮೇಲಿಟ್ಟಿದ್ದ ನನ್ನ ಫೋನು ಗಡಗಡ ಅಂತ ಅದುರತೊಡಗಿತು. ಪರದೆಯ ಮೇಲೆ ದೊಡ್ಡದಾಗಿ ‘ಅಮ್ಮ’. ಜೊತೆಗೆ ನಮ್ಮಮ್ಮನ ಫೋಟೋ. ತಿಥಿಯ ಲೆಕ್ಕಕ್ಕೆ ಹಾರ ಹಾಕಿಸಿ ಇಡಲೆಂದು ಬೆಳಗ್ಗೆ ಇವರ ಆಫೀಸಿಗೆ ಕೊಟ್ಟಿದ್ದೂ ಅದೇ ಫೋಟೋ.

ಯಶೋದಮ್ಮ ಫೋನನ್ನು ನೋಡಿದರು. ನನ್ನನ್ನು ನೋಡಿದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

“ತಗೊಳ್ಳಿ ಸಾರ್,” ಅಂದರು ಮೆಲ್ಲಗೆ. “ಅಷ್ಟು ದೂರದಿಂದ ಮಾಡ್ತಿದಾರೆ.”

ತೆಗೆಯದೆ ವಿಧಿಯಿರಲಿಲ್ಲ.

“ಎಲ್ಲೋ ಸತ್ತಿದೀಯ?” ನಮ್ಮಮ್ಮನ ಗಂಟಲಿಗೆ ಸ್ಪೀಕರ್ ಬೇಡ. “ಊಟಕ್ಕೆ ಬರ್ತೀನಿ ಅಂದವ್ನು ಅಡ್ರೆಸ್ಸೇ ಇಲ್ಲ. ಮುದ್ದೆ ಆರೋಗ್ತಾ ಇದೆ!”

“ಆಮೇಲ್ ಮಾಡ್ತೀನಮ್ಮ,” ಅಂದು ಇಟ್ಟೆ.

“ಬನ್ನಿ, ಒಳಗೆ ಕೂತ್ಕೊಂಡು ಮಾತಾಡಣ,” ಅಂದರು ಯಶೋದಮ್ಮ.

ಆಫೀಸಿನ ಗೋಡೆಯ ತುಂಬ ಮದುವೆ ಫೋಟೋಗಳು. ಪ್ರತಿಯೊಂದರ ನಡುವೆಯೂ ಈ ಕಟ್ಟಡ ಕಟ್ಟಿಸಿದ ಏಕಾಂತಯ್ಯನವರು, ಬಿಳಿ ಪಂಚೆ, ಹೆಗಲ ಮೇಲೆ ಜರಿ ಶಲ್ಯ. ಒಂದು ಕಾಲಕ್ಕೆ ಈ ಸುತ್ತಿನ ಹೊಲಗಳೆಲ್ಲ ಅವರ ಮನೆತನದವು. ಅನಾಥ ಹೆಣ್ಣುಮಕ್ಕಳಿಗೆ ಧರ್ಮದ ಮದುವೆ ಮಾಡಿಸುವ ಪುಣ್ಯಾತ್ಮರು ಅಂತ ಇಡೀ ಬಡಾವಣೆಗೆ ಹೆಸರು.

ಗಂಡುಗಳನ್ನು ನೋಡುವುದು ನನ್ನ ಹೊಟ್ಟೆಪಾಡು. ಫೋಟೋದಲ್ಲಿದ್ದ ಗಂಡುಗಳೆಲ್ಲ ಹೆಚ್ಚುಕಡಿಮೆ ನನ್ನ ವಯಸ್ಸಿನವರು. ಹೆಣ್ಣುಗಳೆಲ್ಲ ಹದಿನೆಂಟರವರು. ಒಬ್ಬಳೂ ಕ್ಯಾಮೆರಾ ನೋಡಿರಲಿಲ್ಲ. ಕೇಳುವವರಿಲ್ಲದ ಮನೆಯ ಹೆಣ್ಣಿಗೆ ಗಂಡಿನ ಪೂರ್ವಾಪರವನ್ನು ಯಾರು ವಿಚಾರಿಸುತ್ತಾರೆ?

ಟ್ರಸ್ಟಿನ ಮ್ಯಾನೇಜರ್ ಸಿದ್ದಲಿಂಗೇಶ್ ಬಾಗಿಲಿಗೆ ಅಡ್ಡ ನಿಂತ. ಮಾತಿಲ್ಲದ ದಢೂತಿ ಮನುಷ್ಯ.

“ಯಾರು ನೀವು?” ಯಶೋದಮ್ಮ ಕೇಳಿದರು.

“ಪತ್ತೇದಾರ.”

“ಕಳಿಸಿದ್ಯಾರು?”

ಅನು ರಸ್ತೆಯಾಚೆ ಎಳನೀರಿನ ಗಾಡಿಯ ಹತ್ತಿರ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದಳು. ಏನೇ ಆದರೂ ಅವಳ ಹೆಸರು ಹೇಳಬಾರದು ಅಂತ ಹಲ್ಲು ಕಚ್ಚಿದೆ.

“ಬೇಡ ಬಿಡಿ. ಫೋನ್ ಕೊಡಿ. ಲಾಕ್ ತೆಗೆದು ಕೊಡಿ. ಮಕ್ಕಳ ಫೋಟೋ ಏನಾದ್ರೂ ತೆಗ್ದಿದೀರಾ ನೋಡ್ಬೇಕು. ಇಲ್ಲಿರೋ ಮಕ್ಕಳ ಮುಖ ಹೊರಗೆ ಹೋಗ್ಬಾರ್ದು. ಕಾನೂನು.”

ಆ ಮಾತು ಸರಿಯಾಗಿತ್ತು. ಸರಿಯಾದ ಮಾತಿಗೆ ಎದುರಾಡಲು ಬರುವುದಿಲ್ಲ. ಕೊಟ್ಟೆ. ಅವರು ಅದನ್ನು ಸಿದ್ದಲಿಂಗೇಶನ ಕೈಗಿತ್ತರು. “ಪಕ್ಕದ ರೂಮಲ್ಲಿ ಕೂತು ಪೂರ್ತಿ ನೋಡಿ ತನ್ನಿ.” ಅವನು ಹೋದ.

“ಧನ್ಯಶ್ರೀ ಎಲ್ಲಿ ಮೇಡಂ?” ನೇರವಾಗಿ ಕೇಳಿದೆ.

“ಊರಿಗೆ ಹೋಗಿದಾಳೆ.”

“ಅವಳಿಗೆ ಊರಿಲ್ಲ. ಸ್ಟೇಷನ್‌ನಲ್ಲಿ ಸಿಕ್ಕ ಮಗು.”

“ಎಲ್ಲರಿಗೂ ಒಂದು ಊರಿರತ್ತೆ ಸಾರ್. ಕೆಲವರಿಗೆ ತಡವಾಗಿ ಸಿಗತ್ತೆ.”

“ಊರಿಗೆ ಹೋದವಳ ತಟ್ಟೇಲಿ ಈಗ ಉಂಡಿದ್ಯಾರು?”

“ಮಕ್ಕಳು. ತಟ್ಟೆ ಅದಲು ಬದಲು ಮಾಡ್ಕೋತಾರೆ.” ಅವರು ಮೇಜಿನ ಮೇಲಿನ ಹೂವಿನ ದಳವೊಂದನ್ನು ಬೆರಳಿನಿಂದ ಸರಿಸಿದರು. “ಹೋದ ವಾರ ಸಮಿತಿಯವರೂ ಬಂದಿದ್ರು. ನನ್ನ ಆಚೆ ಕಳಿಸಿ ಮಕ್ಕಳನ್ನ ಒಬ್ಬೊಬ್ಬರನ್ನೇ ಕೇಳಿದ್ರು. ಎಲ್ಲಾ ಮಕ್ಕಳೂ ಒಂದೇ ಮಾತು ಹೇಳಿದ್ವು, ಊರಿಗೆ ಹೋಗಿದಾಳೆ ಅಂತ. ಮಕ್ಕಳು ಸುಳ್ಳು ಹೇಳ್ತವಾ ಸಾರ್? ಅವರು ನಂಬಿ ಹೋದ್ರು. ನೀವೂ ಬೇಕಾದ್ರೆ ಕೇಳಿ.”

ಬಾಗಿಲ ಕಡೆ ತಿರುಗಿ ಕೂಗಿದರು. “ಸ್ಪಂದನ, ಬಾ ಬಂಗಾರ.”

ಏಳೆಂಟು ವರ್ಷದ ಹುಡುಗಿ ಓಡಿಬಂತು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ, ಬಾಯಂಚಿನಲ್ಲಿ ಒಣಗಿದ ಪಾಯಸ.

“ಧನ್ಯಕ್ಕ ಎಲ್ಲಿ ಅಂತ ಅಂಕಲ್‌ಗೆ ಹೇಳು.”

“ಊರಿಗೆ ಹೋಗಿದಾಳೆ.” ತಡವರಿಸಲಿಲ್ಲ. ಕಣ್ಣು ತಪ್ಪಿಸಲಿಲ್ಲ. ಸುಳ್ಳು ಹೇಳುವವರ ಮುಖ ನನಗೆ ಗೊತ್ತು, ಅದರಿಂದಲೇ ಅನ್ನ ತಿನ್ನುತ್ತಿದ್ದೇನೆ. ಈ ಮಗು ಹೇಳಿದ್ದು ನಿಜ.

ನನ್ನ ಧೈರ್ಯ ಕುಸಿಯಿತು. ತಟ್ಟೆ ನಿಜವಾಗಿಯೂ ಅದಲು ಬದಲಾಗಿರಬಹುದು. ಯಾರೋ ದೂರದ ಸಂಬಂಧಿ ಪತ್ತೆಯಾಗಿ ಹುಡುಗಿಯನ್ನು ಕರೆದುಕೊಂಡು ಹೋಗಿರಬಹುದು. ಈ ಊರಿನಲ್ಲಿ ಯಾರು ಕಾಣದಿದ್ದರೂ ಊರಿಗೆ ಹೋಗಿದ್ದಾರೆ ಅಂದರೆ ಸಾಕು, ಮುಂದೆ ಯಾರೂ ಕೇಳುವುದಿಲ್ಲ. ಬಾಗಿಲಿಗೆ ಬೀಗ ಇದ್ದರೆ ಊರು, ಅಂಗಡಿ ಮುಚ್ಚಿದ್ದರೆ ಊರು, ಕೆಲಸದವಳು ಬರದಿದ್ದರೆ ಊರು.

ಸೋತ ದನಿಯಲ್ಲಿ, ಏನೋ ಒಂದು ಮಾತಾಡಿಸಬೇಕಲ್ಲ ಅಂತ, ರಜೆಯಲ್ಲಿ ಯಾವ ಮಗುವನ್ನು ಕಂಡರೂ ಕೇಳುವ ಪ್ರಶ್ನೆಯನ್ನೇ ಕೇಳಿದೆ.

“ನೀನ್ಯಾವಾಗ ಪುಟ್ಟ ಊರಿಗೆ ಹೋಗೋದು?”

ಮಗುವಿನ ಮುಖದಿಂದ ರಕ್ತ ಇಳಿದುಹೋಯಿತು.

“ನಾನೇನೂ ಮಾಡಿಲ್ಲ ಅಂಕಲ್!” ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಆತುಕೊಂಡಿತು. “ನಾನು ಪಾಯಸ ಚೆಲ್ಲಿಲ್ಲ. ಅತ್ತಿಲ್ಲ. ನನ್ನ ಊರಿಗೆ ಕಳಿಸ್ಬೇಡಿ ಅಂಕಲ್, ಅಲ್ಲಿ ಲೈಟಿಲ್ಲ. ಅಮ್ಮಾ, ನಾನು ಏನೂ ಹೇಳಿಲ್ಲಮ್ಮಾ...”

ಲಂಗದ ಅಂಚಿನಿಂದ ನೆಲಕ್ಕೆ ನೀರಿಳಿಯಿತು. ಮಗು ತನ್ನ ಕಾಲ ಬುಡವನ್ನು ನೋಡಿಕೊಂಡು ಇನ್ನಷ್ಟು ನಡುಗಿತು.

ಆಗ ನನಗೆ ಅರ್ಥವಾಯಿತು.

ಊರು ಈ ಕಟ್ಟಡದಲ್ಲೇ ಇತ್ತು. ಮೆಟ್ಟಿಲ ಮೇಲೆ. ಕೂಡಿಹಾಕುವ ಕತ್ತಲೆ ಕೋಣೆಗೆ ಈ ಹೆಂಗಸು ಇಟ್ಟ ಹೆಸರು ಊರು. ಸಮಿತಿಯವರು ಕೇಳಿದಾಗ ಮಕ್ಕಳು ಸುಳ್ಳು ಹೇಳಲಿಲ್ಲ. ತಮಗೆ ಗೊತ್ತಿದ್ದ ನಿಜವನ್ನೇ ಹೇಳಿದವು. ಕೇಳಿದವರು ತಮ್ಮ ತಮ್ಮ ಊರುಗಳನ್ನು ನೆನೆಸಿಕೊಂಡು ಸಮಾಧಾನವಾಗಿ ಎದ್ದು ಹೋದರು. ನಾನೂ ಹೋಗುವವನಿದ್ದೆ.

ಅನುವಿಗೂ ಇದು ತಿಳಿದಿರಲಿಲ್ಲ. ಅವಳ ಕಾಲದಲ್ಲಿ ಈ ಹೆಂಗಸೂ ಇರಲಿಲ್ಲ, ಈ ಪದವೂ ಇರಲಿಲ್ಲ.

“ರೂಮಿಗೆ ಹೋಗು ಬಂಗಾರ,” ಅಂದರು ಯಶೋದಮ್ಮ. ಮಗು ಗೋಡೆ ಸವರಿಕೊಂಡೇ ಹೊರಗೋಡಿತು.

ನಾನು ಎದ್ದೆ. “ಮೇಲೆ ಹೋಗ್ತೀನಿ.”

“ಹೋಗಿ.” ಅವರು ಕುರ್ಚಿಯಿಂದ ಅಲುಗಲಿಲ್ಲ. “ಮೊದಲನೇ ಮೆಟ್ಟಿಲ ಮೇಲೆ ಕಾಲಿಡಿ. ನಾನು ಕೂಗ್ತೀನಿ. ಬದುಕಿರೋ ತಾಯಿಗೆ ತಿಥಿ ಮಾಡ್ಸಿ, ಸುಳ್ಳು ಹೇಳಿ ಹೆಣ್ಣುಮಕ್ಕಳ ಹಾಸ್ಟೆಲ್ ಒಳಗೆ ಬಂದ ಗಂಡಸು ನೀವು. ಈಗಷ್ಟೇ ಒಂದು ಮಗು ನಿಮ್ಮನ್ನ ನೋಡಿ ಹೆದರಿ ಉಚ್ಚೆ ಹೊಯ್ಕೊಂಡಿದೆ. ಅದು ನೆಲದ ಮೇಲಿದೆ, ನೋಡಿ. ಪೋಕ್ಸೋ ಅಂದ್ರೆ ಏನು ಅಂತ ಗೊತ್ತಲ್ಲ ಸಾರ್?”

ಗೊತ್ತಿತ್ತು.

“ಪೊಲೀಸ್ನೋರು ಮಕ್ಕಳನ್ನ ಕೇಳ್ತಾರೆ. ಅಂಕಲ್ ಏನ್ ಮಾಡಿದ್ರು ಅಂತ. ಎಲ್ಲಾ ಮಕ್ಕಳೂ ಒಂದೇ ಮಾತು ಹೇಳ್ತವೆ. ನೀವೇ ಕೇಳಿದ್ರಲ್ಲ, ಎಷ್ಟು ಚೆನ್ನಾಗಿ ಹೇಳ್ತವೆ ಅಂತ.”

ಮೆಟ್ಟಿಲ ಕಡೆ ಹೋಗಲಿಲ್ಲ. ನನಗೆ ಭಯವಾಯಿತು, ಬಚ್ಚಿಡುವುದಿಲ್ಲ. ಮಕ್ಕಳನ್ನು ಕಾಪಾಡಲು ಮಾಡಿದ ಕಾನೂನನ್ನು ಮಕ್ಕಳ ಮೇಲೆಯೇ ಕಾವಲಿಗಿಟ್ಟಿದ್ದಳು ಆ ಹೆಂಗಸು. ಜೈಲಿನ ಭಯ ಒಂದು ಕಡೆ. ನಾನು ಒಳಗೆ ಹೋದರೆ ಧನ್ಯಶ್ರೀಯ ತಟ್ಟೆಯನ್ನು ನೋಡಿದವರು ಯಾರೂ ಹೊರಗಿರುವುದಿಲ್ಲ ಅನ್ನುವುದು ಇನ್ನೊಂದು ಕಡೆ.

ಸಿದ್ದಲಿಂಗೇಶ್ ಬಂದು ಫೋನನ್ನು ಮೇಜಿನ ಮೇಲಿಟ್ಟ. ಯಶೋದಮ್ಮನ ಕಡೆ ನೋಡಿ ತಲೆಯಾಡಿಸಿದ. ಅಷ್ಟೇ.

“ಫೋಟೋ ಏನಿಲ್ವಂತೆ. ಸಂತೋಷ,” ಅಂದರು. “ಸಾರ್‌ನ ಗೇಟ್ ತನಕ ಬಿಟ್ಟು ಬನ್ನಿ. ಊ‌ಟ ಚೆನ್ನಾಗಿತ್ತು ಸಾರ್. ತಾಯಿಯವರಿಗೆ ಕೇಳಿದೆ ಅಂತ ಹೇಳಿ.”

ಇಷ್ಟು ಸಲೀಸಾಗಿ ಯಾಕೆ ಬಿಟ್ಟರು? ಅಂಗಳ ದಾಟುವಾಗ ಅದೇ ಯೋಚನೆ ಕೊರೆಯುತ್ತಿತ್ತು. ಬೆನ್ನ ಹಿಂದೆ ಸಿದ್ದಲಿಂಗೇಶನ ಉಸಿರು ಕೇಳಿಸುತ್ತಿತ್ತು. ಹೊರಗೆ ಕಾಲಿಟ್ಟ ತಕ್ಷಣ ಗೇಟು ಮುಚ್ಚಿ ಚಿಲಕ ಬಿತ್ತು.

ತಿರುಗಿ ಮೇಲೆ ನೋಡಿದೆ. ಮೊದಲನೆಯ ಮಹಡಿಯಲ್ಲಿ ಕಿಟಕಿ ಇರಬೇಕಾದ ಜಾಗದಲ್ಲಿ ದೊಡ್ಡ ಫ್ಲೆಕ್ಸ್ ಬಿಗಿದು ಕಟ್ಟಿತ್ತು. ‘ಅನಾಥರ ಆಶಾಕಿರಣ ಏಕಾಂತಯ್ಯನವರಿಗೆ ಹುಟ್ಟುಹಬ್ಬದ ಶುಭಾಶಯಗಳು.’ ಬರುವಾಗಲೂ ನೋಡಿದ್ದೆ. ಇಂಥದ್ದು ನಮ್ಮ ಕಡೆ ಪ್ರತಿ ಕ್ರಾಸಿಗೊಂದು ಇರುವುದರಿಂದ ಕಣ್ಣಿಗೆ ಬಿದ್ದೂ ಬೀಳದಂತೆ ಇತ್ತು.

ಗಾಳಿ ಇರಲಿಲ್ಲ. ಆದರೂ ಏಕಾಂತಯ್ಯನವರ ಎದೆಯ ಭಾಗ ಒಳಗಿನಿಂದ ಉಬ್ಬಿ, ಮತ್ತೆ ಒಳಕ್ಕೆ ಹೋಯಿತು. ಯಾರೋ ಹಿಂದಿನಿಂದ ಗುದ್ದುತ್ತಿದ್ದರು.

ರಸ್ತೆ ದಾಟಿ ಓಡಿದೆ. ಅನುವಿನ ಸ್ಕೂಟರ್ ಎಳನೀರಿನ ಗಾಡಿಯ ಪಕ್ಕದಲ್ಲೇ ಇತ್ತು. ಕನ್ನಡಿಗೆ ಹೆಲ್ಮೆಟ್ ನೇತು ಹಾಕಿತ್ತು. ಕೀಲಿ ಸ್ಕೂಟರಿನಲ್ಲೇ ಇತ್ತು. ಅನು ಇರಲಿಲ್ಲ.

“ಇಲ್ಲಿದ್ದ ಹುಡುಗಿ ಎಲ್ಲಣ್ಣ?”

ಗಾಡಿಯವನು ಮಚ್ಚು ಕೆಳಗಿಟ್ಟ. “ನೀವೇ ಕರೆದ್ರಿ ಅಂದ್ಲಲ್ಲ ಸಾರ್? ಫೋನ್ ನೋಡಿದ್ಲು, ‘ಸಿಕ್ಕಿದ್ಲಂತೆ, ಸಿಕ್ಕಿದ್ಲಂತೆ’ ಅಂತ ಅತ್ಕೊಂಡು ಹಿಂದುಗಡೆ ಗೇಟ್ ಕಡೆ ಓಡಿದ್ಲು. ಎಳನೀರ್ ಕೂಡ ಪೂರ್ತಿ ಕುಡೀಲಿಲ್ಲ.”

ನಾನು ಕರೆದಿರಲಿಲ್ಲ.

ಫೋನ್ ತೆಗೆದೆ. ಅನುವಿನ ಮೆಸೇಜು ಮೊದಲು. ‘ಅಣ್ಣ, ಧನ್ಯ ಕಾಣಿಸಿದ್ಲಾ? ಭಯ ಆಗ್ತಿದೆ.’ ಅದರ ಕೆಳಗೆ ನನ್ನ ನಂಬರಿನಿಂದ ಹೋದ ಉತ್ತರ. ‘ಸಿಕ್ಕಿದಳು. ಹಿಂದಿನ ಗೇಟಿಂದ ಬೇಗ ಒಳಗೆ ಬಾ.’ ಪಕ್ಕದಲ್ಲಿ ಎರಡು ನೀಲಿ ಟಿಕ್.

ಲಾಕ್ ತೆಗೆದು ಕೊಟ್ಟವನು ನಾನೇ.

ಸಾವಿರದ ತೊಂಬತ್ತೆಂಟು ಒತ್ತಿದೆ, ಮಕ್ಕಳ ಸಹಾಯವಾಣಿ. ರಿಂಗಾಗುತ್ತಿತ್ತು. ಅಷ್ಟರಲ್ಲಿ ಆಶ್ರಯದ ಪಕ್ಕದ ಗೋಡೆಯ ಕಡೆಯಿಂದ ಯಾರೋ ಪಿಸುದನಿಯಲ್ಲಿ ಕರೆದರು. ಬಚ್ಚಲಮನೆಯ ಜಾಲರಿಯ ಹಿಂದೆ ಎರಡು ಬಿಗಿ ಜಡೆ. ಸ್ಪಂದನ. ಒದ್ದೆ ಲಂಗವನ್ನು ತೊಳೆದುಕೊಳ್ಳಲು ಬಂದಿರಬೇಕು. ಫೋನು ಕಿವಿಗಿಟ್ಟುಕೊಂಡೇ ಗೋಡೆಯ ಬುಡಕ್ಕೆ ಓಡಿದೆ.

“ಅಂಕಲ್, ಧನ್ಯಕ್ಕ ಊರಿಂದ ಬಂದ್ಲು,” ಅಂದಿತು ಒಂದೇ ಉಸಿರಿಗೆ. “ಹಸಿರು ಸೀರೆ ಉಡ್ಸಿ ಹೂ ಮುಡಿಸಿದಾರೆ. ಕಾರಲ್ಲಿ ಕೂರಿಸ್ತಿದಾರೆ.”

“ಅನು? ಅನು ಅಕ್ಕ ಎಲ್ಲಿ ಪುಟ್ಟ?”

“ಅನು ಅಕ್ಕ ಊರಿಗೆ ಹೋದ್ಲು.”

ಯಾರೋ ಒಳಗಿನಿಂದ ಬಂಗಾರ ಅಂತ ಕರೆದರು. ಜಡೆಗಳು ಮಾಯವಾದವು.

ಹಿಂದಿನ ಗೇಟಿನ ಕಡೆ ಕಾರು ಸ್ಟಾರ್ಟ್ ಆಯಿತು. ಬಿಳಿ ಕಾರು ಓಣಿಯಿಂದ ಹೊರಬಂದು ನನ್ನ ಮುಂದೆಯೇ ಹಾದುಹೋಯಿತು. ಹಿಂದಿನ ಸೀಟಿನಲ್ಲಿ ಇಬ್ಬರ ನಡುವೆ ಒಂದು ಹುಡುಗಿ, ಬಾಗಿದ ತಲೆ, ಕೆನ್ನೆಗೆ ಬಳಿದ ಅರಿಶಿನ. ಬುಧವಾರದ ತನಕ ಕಾಯುವ ಉದ್ದೇಶ ಅವರಿಗಿನ್ನು ಇರಲಿಲ್ಲ. ಆ ಅರಿಶಿನಕ್ಕೆ ನಾನೇ ಮುಹೂರ್ತ ಇಟ್ಟುಕೊಟ್ಟಂತಾಗಿತ್ತು.

ಮೇಲೆ ಫ್ಲೆಕ್ಸ್ ಮತ್ತೆ ಉಬ್ಬಿತು. ಈ ಸಲ ಗುದ್ದು ಜೋರಾಗಿತ್ತು. ಆಮೇಲೆ ಇದ್ದಕ್ಕಿದ್ದಂತೆ ನಿಂತುಹೋಯಿತು.

ಸ್ಕೂಟರ್ ಹತ್ತಿರ ಬಂದು ಕೀಲಿಗೆ ಕೈ ಹಾಕಿದೆ. ಕಾರು ಮೇನ್ ರೋಡಿನ ಸಿಗ್ನಲ್ ಕಡೆ ತಿರುಗುತ್ತಿತ್ತು. ಅದರ ಹಿಂದೆ ಹೋದರೆ ಅನು ಒಬ್ಬಳೇ. ಇಲ್ಲಿ ನಿಂತರೆ ಧನ್ಯಶ್ರೀ ಎಲ್ಲಿ ಹೋದಳೆಂದು ಹೇಳುವವರೂ ಇಲ್ಲ.

ಕಿವಿಯಲ್ಲಿ ಒಂದು ಹೆಣ್ಣು ದನಿ ಮಾತಾಡಿತು. ಶಾಂತವಾದ, ದಿನವೂ ನೂರು ಸಲ ಇವೇ ಪ್ರಶ್ನೆ ಕೇಳಿ ಅಭ್ಯಾಸವಾದ ದನಿ.

“ಹೇಳಿ, ಮಕ್ಕಳ ಸಹಾಯವಾಣಿ.”

“ಹುಡುಗಿ ಅಪಾಯದಲ್ಲಿದಾಳೆ ಮೇಡಂ,” ಅಂದೆ.

“ಹುಡುಗಿ ಈಗ ಎಲ್ಲಿದಾಳೆ ಸಾರ್? ವಯಸ್ಸು ಹದಿನೆಂಟರ ಒಳಗಾ, ಮೇಲಾ?”